ಗಾಡಿ ಹೀಟ್ ಆಗುತ್ತಿದೆ, ಪಿಕಪ್ಪೂ ಇಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಗ್ಯಾರೇಜುಗಳ ಮುಂದೆ ಬಾನೆಟ್ ಎತ್ತಿದ ಕಾರುಗಳು ಸಾಲಾಗಿ ನಿಲ್ಲುತ್ತವೆ. ದೂರು ಹೆಚ್ಚುಕಡಿಮೆ ಒಂದೇ: "ಗಾಡಿ ಹೀಟ್ ಆಗ್ತದರಿ, ಪಿಕಪ್ ಸುದ್ದಾ ಇಲ್ಲ." ಈ ಬಿಸಿಲಿಗೆ ಹಾಗಾಗುತ್ತದೆ ಬಿಡಿ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು. ಸರಿಯಾಗಿರುವ ಕಾರು 42 ಡಿಗ್ರಿ ಬಿಸಿಲಲ್ಲೂ ಎಸಿ ಹಾಕಿಕೊಂಡು, ನಾಲ್ಕು ಜನರನ್ನು ಕೂರಿಸಿಕೊಂಡು ಸೊಲ್ಲಾಪುರದಿಂದ ಹುಬ್ಬಳ್ಳಿವರೆಗೆ ಬಿಸಿ ತೋರಿಸುವ ಮೀಟರಿನ ಮುಳ್ಳು ಅಲುಗಾಡದ ಹಾಗೆ ಬರಬೇಕು. ಬರುತ್ತಿಲ್ಲ ಅಂದರೆ ಎಲ್ಲೋ ದೋಷ ಇದೆ. ಚಳಿಗಾಲದಲ್ಲಿ ಅದು ಕಾಣದೆ ಅಡಗಿತ್ತು, ಅಷ್ಟೇ.

ಇನ್ನೊಂದು ಸಂಕಟ ಅಂದರೆ ಊಹೆ ಮೇಲೆ ಪಾರ್ಟ್ ಬದಲಿಸುವುದು. ಮೊದಲು ಥರ್ಮೋಸ್ಟಾಟ್ (ಬಿಸಿ ಏರಿದಾಗ ಎಂಜಿನ್ ತಣಿಸುವ ದ್ರವಕ್ಕೆ ದಾರಿ ತೆರೆಯುವ ವಾಲ್ವ್) ಹಾಕಿದರು, ಸರಿಹೋಗಲಿಲ್ಲ. ಆಮೇಲೆ ವಾಟರ್ ಪಂಪ್, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ರೇಡಿಯೇಟರೇ ಹೊಸದು. ಇಷ್ಟೆಲ್ಲ ಆದ ಮೇಲೆ ನೋಡಿದರೆ ಫ್ಯಾನಿನ ರಿಲೇ, ಅಂದರೆ ಅದಕ್ಕೆ ಕರೆಂಟ್ ಬಿಡುವ ಸಣ್ಣ ಸ್ವಿಚ್, ಸುಟ್ಟಿರುತ್ತದೆ. ದುಡ್ಡು ಹೋಗುವುದು ಒಂದು ಕಡೆ. ಆ ನಡುವೆ ಎಂಜಿನ್ ಮತ್ತೆ ಮತ್ತೆ ಕಾದು ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ) ಸೊಟ್ಟಾಗುವುದು ದೊಡ್ಡ ನಷ್ಟ. ಅದಕ್ಕೇ ಇಲ್ಲಿ ಹೇಳುವ ಕ್ರಮದಲ್ಲಿ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಬಿಚ್ಚಿ ನೋಡುವ ಕೆಲಸ ಕೊನೆಗೆ. ಅರ್ಧಕ್ಕಿಂತ ಹೆಚ್ಚಿನದಕ್ಕೆ ಕಣ್ಣು, ಕೈ ಮತ್ತು ಒಂದು ಟಾರ್ಚ್ ಸಾಕು.

ದಾರಿಯಲ್ಲೇ ಮುಳ್ಳು ಮೇಲೇರಿದರೆ

ಮುಳ್ಳು ನಡುಮಟ್ಟ ಬಿಟ್ಟು ಏರತೊಡಗಿದ ತಕ್ಷಣ ಎಸಿ ಬಂದ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಇದು ಹಿಂಸೆಯೇ. ಆದರೆ ಹೀಟರ್ ಅನ್ನುವುದು ಡ್ಯಾಶ್‌ಬೋರ್ಡ್ ಹಿಂದೆ ಕೂತ ಸಣ್ಣ ರೇಡಿಯೇಟರ್, ಎಂಜಿನ್ನಿನ ಒಂದಷ್ಟು ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಮುಳ್ಳು ಕೆಂಪು ಗೆರೆ ಮುಟ್ಟಿತು, ಅಥವಾ ಕೆಂಪು ದೀಪ ಹತ್ತಿತು, ಅಥವಾ ಬಾನೆಟ್ ಸಂದಿಯಿಂದ ಹಬೆ ಬಂತು ಅಂದರೆ ಮುಂದಿನ ಊರು ಎರಡೇ ಕಿಲೋಮೀಟರ್ ಇದ್ದರೂ ಹೋಗಬೇಡಿ. ಸೈಡಿಗೆ ಹಾಕಿ ಎಂಜಿನ್ ಆಫ್ ಮಾಡಿ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್) ಹೋಗುವುದು ಸಾಮಾನ್ಯವಾಗಿ ಆ ಕೊನೆಯ ಎರಡು ಕಿಲೋಮೀಟರಿನಲ್ಲೇ.

ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಆ ಒತ್ತಡದಿಂದಾಗಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತಿರುವಿದ ಕ್ಷಣ ಒತ್ತಡ ಹೋಗಿ, ಅಷ್ಟೂ ಕೂಲಂಟ್ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಮೆತ್ತಗಾಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ಕ್ಯಾಪ್ ಬಿಚ್ಚಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಕಾದ ಎಂಜಿನ್ ಒಳಗೆ ತಣ್ಣೀರು ಹಾಕುವುದೂ ಬೇಡ. ಎರಕದ ಲೋಹ ಬಿರುಕು ಬಿಡುತ್ತದೆ.

ಒಂದು ಮಾತು ನೆನಪಿರಲಿ. ಮುಳ್ಳು ಕೆಂಪಿಗೆ ಹೋಗಿ, ಆಮೇಲೆ ತಾನಾಗಿಯೇ ಧಡಕ್ಕನೆ ಕೆಳಗೆ ಇಳಿದರೆ ಖುಷಿಪಡಬೇಡಿ. ಕೂಲಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಸುಳ್ಳು ಹೇಳುತ್ತದೆ. ಆಗ ಎಂಜಿನ್ ಅತಿ ಹೆಚ್ಚು ಅಪಾಯದಲ್ಲಿರುತ್ತದೆ.

ಯಾವಾಗ ಹೀಟ್ ಆಗುತ್ತದೆ ಅನ್ನುವುದೇ ಅರ್ಧ ಉತ್ತರ

"ಹೀಟ್ ಆಗುತ್ತದೆ" ಅಂತ ಇಷ್ಟೇ ಹೇಳಿದರೆ ಎಂಥ ಒಳ್ಳೆ ಮಿಸ್ತ್ರಿಗೂ ಕೈ ಓಡುವುದಿಲ್ಲ. ಯಾವಾಗ, ಎಷ್ಟು ಹೊತ್ತಿಗೆ, ಯಾವ ವೇಗದಲ್ಲಿ ಅನ್ನುವುದನ್ನು ಮೊದಲು ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಡಿ.

ನಿಂತಾಗ ಹೀಟ್, ಓಡುವಾಗ ಸರಿ ಅನ್ನುವುದು ಒಂದು ಬಗೆ. ವಿಜಯಪುರದ ಗಾಂಧಿ ಚೌಕಿನಲ್ಲೋ ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲೋ ಸಿಕ್ಕಿಕೊಂಡಾಗ ಮುಳ್ಳು ಏರುತ್ತದೆ, ಬೈಪಾಸಿಗೆ ಬಂದ ಮೇಲೆ ಇಳಿಯುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ಕಡೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಮುಂದಿರುತ್ತದೆ, ನಾವು ಎರಡನೇ ಗೇರಿನಲ್ಲಿ ತೆವಳುತ್ತಿರುತ್ತೇವೆ. ಎದುರುಗಾಳಿ ಇಲ್ಲ, ಎಲ್ಲ ಭಾರ ಫ್ಯಾನಿನ ಮೇಲೆ. ಅಲ್ಲಿ ಹೀಟ್ ಆಗಿ, ಓವರ್‌ಟೇಕ್ ಮಾಡಿ ನಾಲ್ಕು ಕಿಲೋಮೀಟರ್ ಹೋದ ಮೇಲೆ ತಣ್ಣಗಾದರೆ ಫ್ಯಾನ್, ಅದರ ಮೋಟಾರ್, ರಿಲೇ, ಫ್ಯೂಸ್ ಇವುಗಳನ್ನೇ ಮೊದಲು ಹಿಡಿಯಿರಿ.

ಇದಕ್ಕೆ ಉಲ್ಟಾ, ಊರೊಳಗೆ ಸರಿ, ಹೈವೇನಲ್ಲಿ 90 ದಾಟಿದರೆ ಹೀಟ್ ಅಂದರೆ ಫ್ಯಾನಿಗೆ ಸಂಬಂಧ ಇಲ್ಲ. ಆ ವೇಗದಲ್ಲಿ ಗಾಳಿ ತಾನಾಗಿಯೇ ನುಗ್ಗುತ್ತದೆ. ಆಗ ರೇಡಿಯೇಟರ್ ಒಳಗೋ ಹೊರಗೋ ಕಟ್ಟಿಕೊಂಡಿದೆ, ಇಲ್ಲವೇ ಪಂಪ್ ಸಾಕಷ್ಟು ತಳ್ಳುತ್ತಿಲ್ಲ, ಇಲ್ಲವೇ ಸೈಲೆನ್ಸರ್ ಲೈನಿನಲ್ಲಿ ಹೊಗೆ ಕಟ್ಟಿಕೊಳ್ಳುತ್ತಿದೆ. ಗೋವಾ ಕಡೆಯಿಂದ ಬರುತ್ತ ಚೋರ್ಲಾ ಘಾಟಿನ ಏರು ಹತ್ತುವಾಗ ಮಾತ್ರ ಹೀಟ್ ಆಗುವ ಗಾಡಿಗೂ ಇದೇ ಪಟ್ಟಿ. ಅದರ ಜೊತೆ ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್, ಆಗತಾನೆ ಸೋರಲು ಶುರುವಾದ ಹೆಡ್ ಗ್ಯಾಸ್ಕೆಟ್ ಇವನ್ನೂ ಸೇರಿಸಿಕೊಳ್ಳಿ.

ಸ್ಟಾರ್ಟ್ ಮಾಡಿದ ಐದು ಹತ್ತು ನಿಮಿಷಕ್ಕೇ ಮುಳ್ಳು ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿದೆ, ಅಥವಾ ಕೂಲಂಟ್ ಇಲ್ಲ, ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಪಂಪೇ ತಿರುಗುತ್ತಿಲ್ಲ.

ಹೀಟಿಗೂ ಪಿಕಪ್ಪಿಗೂ ನಂಟು

ಎರಡೂ ದೂರು ಒಟ್ಟಿಗೆ ಬಂದಾಗ ಕೇಳಬೇಕಾದ ಪ್ರಶ್ನೆ: ಮೊದಲು ಯಾವುದು ಶುರುವಾಯಿತು?

ಬೆಳಗ್ಗೆ ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಎಳೆಯುತ್ತದೆ, ಮುಳ್ಳು ಏರಿದ ಮೇಲೆ ಸುಸ್ತಾಗುತ್ತದೆ ಅಂದರೆ ಹೀಟೇ ಮೂಲ. ಪೆಟ್ರೋಲ್ ಎಂಜಿನ್ ಅತಿಯಾಗಿ ಕಾದರೆ ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು, ಶುರುವಾಗುತ್ತದೆ. ಅದನ್ನು ತಡೆಯಲು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸ್ಪಾರ್ಕಿನ ಟೈಮಿಂಗನ್ನು ಹಿಂದೆ ಸರಿಸುತ್ತದೆ. ಎಂಜಿನ್ ಉಳಿಯುತ್ತದೆ, ಪವರ್ ಇಳಿಯುತ್ತದೆ. ಇನ್ನೂ ಬಿಸಿ ಏರಿದರೆ ಎಸಿ ಕಂಪ್ರೆಸರ್ ಕಟ್ ಮಾಡಿ, ಇಂಧನ ತಗ್ಗಿಸಿ ಲಿಂಪ್ ಮೋಡಿಗೆ, ಅಂದರೆ ಎಂಜಿನ್ ಉಳಿಸಲು ಶಕ್ತಿ ತಗ್ಗಿಸುವ ಸ್ಥಿತಿಗೆ, ಹಾಕುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ತೆವಳುತ್ತದೆ. ಹೀಗಿದ್ದಾಗ ಪಿಕಪ್ ಹುಡುಕುತ್ತ ಕೂರಬೇಡಿ, ಕೂಲಿಂಗ್ ಸರಿಮಾಡಿ.

ತಣ್ಣಗಿದ್ದಾಗಲೂ ಎಳೆಯುವುದಿಲ್ಲ, ವಾರಗಳಿಂದ ಮಂದವಾಗಿದೆ, ಈಗ ಹೀಟೂ ಶುರುವಾಗಿದೆ ಅಂದರೆ ಕಥೆ ಬೇರೆ. ಯಾವುದೋ ಒಂದು ಎಂಜಿನ್ನಿಗೆ ಹೆಚ್ಚಿನ ಭಾರ ಹಾಕುತ್ತಿದೆ ಅಥವಾ ಅದರ ಉಸಿರು ಕಟ್ಟಿಸುತ್ತಿದೆ. ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧಮಾಡುವ ಡಬ್ಬಿ), ಬಿಡದ ಬ್ರೇಕ್, ಜಾರುವ ಕ್ಲಚ್, ಹಲ್ಲು ಹಾರಿದ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ತೆರೆಸುವ ಸರಪಳಿ), ಕಂಪ್ರೆಶನ್ (ಒಳಗಿನ ಒತ್ತಡ) ಕಳೆದುಕೊಂಡ ಸಿಲಿಂಡರ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಹೊಸ ರೇಡಿಯೇಟರ್ ಹಾಕಿದರೂ ಏನೂ ಉಪಯೋಗವಿಲ್ಲ.

ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ

ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ಎತ್ತಿ. ರಿಸರ್ವ್ ಡಬ್ಬಿಯಲ್ಲಿ ಕೂಲಂಟ್ ಎರಡು ಗೆರೆಗಳ ನಡುವೆ ಇರಬೇಕು. ರೇಡಿಯೇಟರಿಗೆ ಪ್ರತ್ಯೇಕ ಕ್ಯಾಪ್ ಇದ್ದರೆ ಅದನ್ನೂ ಬಿಚ್ಚಿ ನೋಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಕ್ಯಾಪ್ ಹಾಳಾದಾಗ ಹೀಗಾಗುತ್ತದೆ. ಬಿಸಿಯಾದಾಗ ಡಬ್ಬಿಗೆ ಹೋದ ಕೂಲಂಟ್ ತಣ್ಣಗಾದ ಮೇಲೆ ವಾಪಸ್ ಬರುವುದಿಲ್ಲ. ಕ್ಯಾಪಿನ ಕೆಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿ. ಗಟ್ಟಿಯಾಗಿದ್ದರೆ, ಅಂಚು ಸೀಳಿದ್ದರೆ, ನಡುವಿನ ಸಣ್ಣ ವಾಲ್ವ್ ಎಳೆದಾಗ ಸಲೀಸಾಗಿ ಬಾರದಿದ್ದರೆ ಕ್ಯಾಪ್ ಬದಲಿಸಿ. ಇಡೀ ಕೂಲಿಂಗ್ ವ್ಯವಸ್ಥೆಯಲ್ಲಿ ಇಷ್ಟು ಅಗ್ಗದ, ಇಷ್ಟು ಅಲಕ್ಷ್ಯಕ್ಕೆ ಒಳಗಾದ ಪಾರ್ಟ್ ಇನ್ನೊಂದಿಲ್ಲ. ಹೊಸದು ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾದ ಒತ್ತಡದ ಅಂಕಿಯನ್ನೇ ಕೊಳ್ಳಿ. 0.9 ಇದ್ದರೆ 0.9, 1.1 ಇದ್ದರೆ 1.1.

ಇನ್ನು ಬಣ್ಣ. ಕೂಲಂಟ್ ಹಸಿರು, ಕೆಂಪು, ನೀಲಿ ಯಾವುದೇ ಇರಲಿ, ತಿಳಿಯಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು. ಬಿಳಿ ಪುಡಿ ಕಂಡರೆ ಬೋರಿನ ನೀರು ಹಾಕಿದ್ದಾರೆ ಅಂತ ಅರ್ಥ. ನಮ್ಮ ಭಾಗದಲ್ಲಿ ಇದು ದೊಡ್ಡ ಕಾಯಿಲೆ. ಬಾಗಲಕೋಟೆ, ಲೋಕಾಪುರದ ಕಡೆ ನೆಲವೇ ಸುಣ್ಣದ ಕಲ್ಲು, ವಿಜಯಪುರದ ಬೋರಿನ ನೀರಿನ ಗಡಸುತನ ಮನೆಯ ಗೀಸರಿನ ಕಾಯಿಲ್ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪದರ ರೇಡಿಯೇಟರಿನ ತೆಳು ಕೊಳವೆಗಳಲ್ಲೂ ಎಂಜಿನ್ನಿನ ಒಳದಾರಿಗಳಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಆಪತ್ತಿಗೆ ಬಾಟಲಿ ನೀರು ಹಾಕಿದ್ದು ತಪ್ಪಲ್ಲ. ಊರು ಮುಟ್ಟಿದ ಮೇಲೆ ಅದನ್ನು ಇಳಿಸಿ, ರೆಡಿ ಮಿಕ್ಸ್ ಕೂಲಂಟ್ ಹಾಕಿ. ಕಾನ್ಸಂಟ್ರೇಟ್ ತಂದಿದ್ದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಬಣ್ಣ ಒಂದೇ ಇದೆ ಅಂತ ಬೇರೆ ಬೇರೆ ಬಗೆಯ ಕೂಲಂಟ್ ಕಲಸಬೇಡಿ. ಬಣ್ಣ ಕಂಪನಿಗೊಂದು, ಮ್ಯಾನುಯಲ್‌ನಲ್ಲಿ ಹೇಳಿದ ಬಗೆ ನೋಡಿ ತನ್ನಿ.

ಆಮೇಲೆ ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ತುಂಬುವ ಮುಚ್ಚಳದ ಅಡಿಭಾಗ ನೋಡಿ. ಅಲ್ಲಿ ಕೆನೆಬಣ್ಣದ ನೊರೆ ಇದ್ದರೆ ಆಯಿಲ್ಲಿಗೆ ಕೂಲಂಟ್ ಸೇರಿರುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಸಣ್ಣ ಸಣ್ಣ ದೂರ ಓಡಿಸುವ ಗಾಡಿಗಳ ಮುಚ್ಚಳದಲ್ಲಿ ಸ್ವಲ್ಪ ತೇವದ ನೊರೆ ಕಾಣುವುದು ಮಾಮೂಲು. ಡಿಪ್‌ಸ್ಟಿಕ್ಕಿನಲ್ಲೂ ಕಂಡರೆ ಮಾತ್ರ ಗಾಬರಿಪಡಿ. ಆಗ ಗಾಡಿ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಕೂಲಂಟ್ ಕಡಿಮೆಯಾಗಿದೆ, ನೆಲದ ಮೇಲೆ ಹನಿ ಕಾಣುತ್ತಿಲ್ಲ ಅಂದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಕ್ಯಾಪಿನ ಜಾಗಕ್ಕೆ ಕೈಪಂಪ್ ಹಚ್ಚಿ ಕ್ಯಾಪಿನಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಮೀಟರ್ ಇಳಿಯುತ್ತಿದ್ದರೆ ಸೋರಿಕೆ ಇದೆ. ಹೋಸ್ ಕ್ಲಿಪ್‌ಗಳ ಬುಡ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎಲ್ಲ ಮುಟ್ಟಿ ನೋಡಿ. ಮ್ಯಾಟ್ ಅಂಟಂಟಾಗಿ ಒದ್ದೆಯಾಗಿದ್ದರೆ ಹೀಟರ್ ಕೋರ್ ಸೋರುತ್ತಿದೆ.

ರೇಡಿಯೇಟರ್ ಮುಖ: ನಮ್ಮ ಕಡೆ ಇಲ್ಲೇ ಜಾಸ್ತಿ ಸಿಗುವುದು

ಮುಂದಿನ ಗ್ರಿಲ್ಲಿನಿಂದ ಬಗ್ಗಿ ನೋಡಿದರೆ ಕಾಣುವುದು ಎಸಿಯ ಕಂಡೆನ್ಸರ್. ಅದು ಸ್ವಚ್ಛ ಇದ್ದ ಮಾತ್ರಕ್ಕೆ ರೇಡಿಯೇಟರ್ ಸ್ವಚ್ಛ ಇದೆ ಅಂತ ಅಂದುಕೊಳ್ಳಬೇಡಿ. ಕಂಡೆನ್ಸರಿನ ಹಿಂದೆ ಒಂದೆರಡು ಬೆರಳಿನಷ್ಟು ಸಂದಿ ಇದೆ, ಅದರ ಹಿಂದೆ ರೇಡಿಯೇಟರ್ ಇದೆ. ಕಸ ಎಲ್ಲ ಹೋಗಿ ಕೂರುವುದು ಆ ಸಂದಿಯಲ್ಲಿ. ಟಾರ್ಚನ್ನು ಮೇಲಿನಿಂದ ಸಂದಿಯೊಳಗೆ ಬಿಡಿ. ಎರೆಮಣ್ಣಿನ ಧೂಳು, ಕಬ್ಬಿನ ರವದಿಯ (ಒಣ ಎಲೆಯ) ಚೂರು, ಸತ್ತ ಹುಳ, ಜೋಳದ ಹೊಟ್ಟು ಎಲ್ಲ ಸೇರಿ ಒಂದು ಬೂದು ಬಣ್ಣದ ಚಾಪೆ ಹಾಸಿದಂತೆ ಕೂತಿರುತ್ತದೆ. ಎಸಿಯ ಗ್ಯಾಸ್ ಪೈಪಿನಿಂದ ಆಯಿಲ್ ಜಿನುಗಿದ್ದರಂತೂ ಧೂಳು ಅಂಟಿ ಗಟ್ಟಿ ಪದರವಾಗಿರುತ್ತದೆ. ಅದರ ಮೂಲಕ ಗಾಳಿ ಹೇಗೆ ಹೋದೀತು?

ಸುಗ್ಗಿಯಲ್ಲಿ ರಸ್ತೆ ಮೇಲೆ ಬೆಳೆ ಹರವಿ ರಾಶಿ ಮಾಡುವುದು ನಮ್ಮಲ್ಲಿ ರೂಢಿ. ಅದರ ಮೇಲೆ ಹಾದು ಬಂದ ಮೇಲೆ ಒಮ್ಮೆ ನಿಲ್ಲಿಸಿ ನೋಡುವುದು ಒಳ್ಳೆಯದು. ಹೊಟ್ಟು ರೇಡಿಯೇಟರಿಗೆ ಹೋಗುವುದಷ್ಟೇ ಅಲ್ಲ, ದಂಟು ಕೆಳಗಿನ ಆಕ್ಸಲ್‌ಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತುವ ಅಪಾಯ ಇದೆ.

ತೊಳೆಯುವ ಬಗೆ ಮುಖ್ಯ. ಹೊರಗಿನಿಂದ ಒಳಗೆ ಪ್ರೆಶರ್ ವಾಷರ್ ಹೊಡೆದರೆ ಕಸ ಇನ್ನೂ ಒಳಗೆ ಹೋಗಿ ಬಿಗಿಯಾಗುತ್ತದೆ, ಮೆತ್ತಗಿನ ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಳ್ಳುತ್ತವೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಒಳಗಿನಿಂದ ಹೊರಕ್ಕೆ, ಅಂದರೆ ಫ್ಯಾನಿನ ಕಡೆಯಿಂದ ಗ್ರಿಲ್ ಕಡೆಗೆ, ಮನೆಯ ನಳದ ಸಾಧಾರಣ ಧಾರೆಯಲ್ಲಿ ನಿಧಾನಕ್ಕೆ ನೀರು ಬಿಡಿ. ಬ್ಯಾಟರಿ ಟರ್ಮಿನಲ್, ಫ್ಯೂಸ್ ಬಾಕ್ಸ್, ಫ್ಯಾನ್ ಮೋಟಾರಿಗೆ ಮೊದಲೇ ಪ್ಲಾಸ್ಟಿಕ್ ಮುಚ್ಚಿ. ಜಾಸ್ತಿ ಕಟ್ಟಿಕೊಂಡಿದ್ದರೆ ಫ್ಯಾನಿನ ಚೌಕಟ್ಟು ಬಿಚ್ಚದೆ ಬೇರೆ ದಾರಿ ಇಲ್ಲ. ಕಂಡೆನ್ಸರಿನ ಎಸಿ ಪೈಪ್ ಮಾತ್ರ ಬಿಚ್ಚಬೇಡಿ, ಗ್ಯಾಸ್ ಹೋಗುತ್ತದೆ. ಕಬ್ಬು, ಜೋಳದ ಊರುಗಳಲ್ಲಿ ಓಡಾಡುವವರು ಬೇಸಿಗೆಗೆ ಮುಂಚೆ ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ಟಾರ್ಟ್ ಮಾಡಿ ನೋಡುವುದು

ಫ್ಯಾನಿನ ಪರೀಕ್ಷೆ ಒಂದು ನಿಮಿಷದ್ದು. ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಎಲೆಕ್ಟ್ರಿಕ್ ಫ್ಯಾನಿನ ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗಲಿಲ್ಲ ಅಂದರೆ ಫ್ಯೂಸ್ ನೋಡಿ, ನಂತರ ರಿಲೇ. ಫ್ಯೂಸ್ ಬಾಕ್ಸಿನಲ್ಲಿ ಹಾರ್ನಿಗೋ ಬೇರೆ ಯಾವುದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಆಗಲೂ ತಿರುಗದಿದ್ದರೆ ಮೋಟಾರಿಗೆ ನೇರ 12 ವೋಲ್ಟ್ ಕೊಟ್ಟು ನೋಡಿಸಿ. ಕೆಲವು ಫ್ಯಾನಿಗೆ ಎರಡು ವೇಗ ಇರುತ್ತದೆ. ನಿಧಾನ ವೇಗದ ರೆಸಿಸ್ಟರ್ ಸುಟ್ಟು, ಜೋರು ವೇಗ ಮಾತ್ರ ಉಳಿದಿರುವುದು ಸಾಮಾನ್ಯ. ಅಂಥ ಗಾಡಿಯಲ್ಲಿ ಮುಳ್ಳು ಏರುವುದು, ಇಳಿಯುವುದು ನಡೆಯುತ್ತಲೇ ಇರುತ್ತದೆ. ಬಾನೆಟ್ ಎತ್ತಿರುವಾಗ ಕೈ, ಲುಂಗಿ, ಟವೆಲ್ಲು ಫ್ಯಾನಿನಿಂದ ದೂರ ಇರಲಿ. ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ಶುರುವಾಗಬಹುದು.

ಹಳೆಯ ಬೊಲೆರೋದಂಥ, ಉದ್ದಕ್ಕೆ ಎಂಜಿನ್ ಕೂತ ಗಾಡಿಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನಿಗೆ ವಿಸ್ಕಸ್ ಕ್ಲಚ್ (ಎಣ್ಣೆಯ ಹಿಡಿತದಿಂದ ಫ್ಯಾನ್ ತಿರುಗಿಸುವ ಜೋಡಣೆ) ಇರುತ್ತದೆ. ಎಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿಟ್ಟುಕೊಂಡು, ಫ್ಯಾನನ್ನು ಕೈಯಿಂದ ಒಮ್ಮೆ ತಿರುಗಿಸಿ ಬಿಡಿ. ಸ್ವಲ್ಪ ಬಿಗಿಯಾಗಿ ನಿಲ್ಲಬೇಕು. ಗಿರ್ರನೆ ಸುಮ್ನೆ ಸುತ್ತುತ್ತಲೇ ಇದ್ದರೆ ಕ್ಲಚ್ಚಿನೊಳಗಿನ ಸಿಲಿಕೋನ್ ಆಯಿಲ್ ಹೋಗಿದೆ.

ಈಗ ಹೋಸ್ ಪೈಪುಗಳು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಮತ್ತು ಕೆಳಗಿನ ಹೋಸ್ ಆಗಾಗ ಮುಟ್ಟುತ್ತ ಹೋಗಿ. ಮೊದಲು ಎರಡೂ ತಣ್ಣಗಿರಬೇಕು. ಥರ್ಮೋಸ್ಟಾಟ್ ಸಾಧಾರಣವಾಗಿ 82ರಿಂದ 88 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಆಗ ಮೇಲಿನ ಹೋಸ್ ಬೇಗನೆ ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಕೆಳಗಿನದೂ ಬಿಸಿಯಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಲ್ಲಿ ಮೇಲಿನದು ಮೊದಲಿನಿಂದಲೇ ಬಿಸಿಯಾಗಬಹುದು. ಮುಳ್ಳು ಮೇಲೇರಿಯೂ ಕೆಳಗಿನ ಹೋಸ್ ತಣ್ಣಗೇ ಇದ್ದರೆ ನೀರು ಸುತ್ತುತ್ತಿಲ್ಲ ಅಂತ ಖಚಿತ. ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿದೆ, ಇಲ್ಲವೇ ಪಂಪಿನ ಎಲೆಗಳು ಸವೆದಿವೆ. ಎಂಜಿನ್ ಬಿಸಿ ಇದ್ದೂ ಹೀಟರಿನಿಂದ ತಣ್ಣನೆ ಗಾಳಿ ಬಂದರೂ ಇದೇ ಗುಮಾನಿ: ಕೂಲಂಟ್ ಕಡಿಮೆ ಇದೆ ಅಥವಾ ಸುತ್ತುತ್ತಿಲ್ಲ.

ಒಬ್ಬರು 2500 ಆರ್‌ಪಿಎಂನಲ್ಲಿ ಹಿಡಿದಿರಲಿ, ನೀವು ಕೆಳಗಿನ ಹೋಸ್ ನೋಡಿ. ಅದು ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ ಹೋಸ್ ಸೊರಗಿದೆ ಅಥವಾ ರೇಡಿಯೇಟರ್ ಸಾಕಷ್ಟು ನೀರು ಕೊಡುತ್ತಿಲ್ಲ. ಹೈವೇನಲ್ಲಿ ಮಾತ್ರ ಹೀಟ್ ಆಗುವ ಗಾಡಿಗಳಲ್ಲಿ ಈ ದೋಷ ಕಣ್ತಪ್ಪಿಸಿಕೊಂಡಿರುತ್ತದೆ.

ಥರ್ಮೋಸ್ಟಾಟ್ ತೆಗೆದು ಒಗೆಯುವ ಚಾಳಿ

"ಸಾಹೇಬ್ರ, ಆ ವಾಲ್ವ್ ತಗದ ಒಗೀರಿ, ಹೀಟಿನ ಕಾಟನ ಇರಂಗಿಲ್ಲ." ಈ ಮಾತು ನಮ್ಮ ಭಾಗದಲ್ಲಿ ಕೇಳದವರಿಲ್ಲ. ದಯವಿಟ್ಟು ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಕೆಲಸದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಜಾಸ್ತಿ ಇಂಧನ ಬಿಡುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಮಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆ ಬೇಗ ಸವೆಯುತ್ತದೆ. ಪಿಕಪ್ ದೂರು ಇಲ್ಲಿಂದಲೂ ಶುರುವಾಗಬಹುದು. ಬೈಪಾಸ್ ದಾರಿಯನ್ನು ಮುಚ್ಚುವ ಬಗೆಯ ಥರ್ಮೋಸ್ಟಾಟ್ ಇರುವ ಎಂಜಿನ್ನಿನಲ್ಲಿ ಅದನ್ನು ತೆಗೆದರೆ ಒಂದಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಏರಿನಲ್ಲಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ.

ಅನುಮಾನ ಇದ್ದರೆ ಬಿಚ್ಚಿ ಪರೀಕ್ಷೆ ಮಾಡಿ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಂತಿಯಿಂದ ತಳ ಮುಟ್ಟದ ಹಾಗೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಸುಮಾರಿಗೆ ಬಾಯಿ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು, ತಣ್ಣಗಾದಾಗ ಮುಚ್ಚಬೇಕು. ತಣ್ಣಗಿದ್ದಾಗಲೇ ಸಂದಿ ಕಾಣುತ್ತಿದ್ದರೆ ಅದೂ ಕೆಟ್ಟಿದೆ.

ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

"ಹೆಡ್ ಬಿಚ್ಚಬೇಕು" ಅಂದರೆ ಎಲ್ಲರ ಎದೆ ಝಲ್ಲೆನ್ನುತ್ತದೆ. ಬಿಚ್ಚಲು ಒಪ್ಪುವ ಮುಂಚೆ ಸಾಕ್ಷಿ ಕೇಳಿ. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮುಂಚೆ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಯಿತು ಅಂದರೆ ಸಿಲಿಂಡರಿನ ಒತ್ತಡ ಕೂಲಂಟಿಗೆ ನುಗ್ಗುತ್ತಿದೆ. ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಕೂಲಂಟ್ ಎಲ್ಲಿಗೆ ಹೋಯಿತು ಅಂತ ತಿಳಿಯದೆ ಕಡಿಮೆಯಾಗುವುದು, ಇವೂ ಗುರುತುಗಳೇ. ಖಚಿತ ಮಾಡಲು ಬ್ಲಾಕ್ ಟೆಸ್ಟರ್ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಹೊಗೆಯ ಅಂಶ ಇದ್ದರೆ ನೀಲಿ ಹೋಗಿ ಹಳದಿಗೆ (ಡೀಸೆಲ್ ಗಾಡಿಯಲ್ಲಿ ಹಸಿರಿಗೆ) ತಿರುಗುತ್ತದೆ. ಇದರ ಜೊತೆ ಕಂಪ್ರೆಶನ್ ಟೆಸ್ಟ್ ಮಾಡಿಸಿದರೆ ಯಾವ ಸಿಲಿಂಡರ್ ಅಂತಲೂ ತಿಳಿಯುತ್ತದೆ.

ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೂರಿಸಲು ಬಿಡಬೇಡಿ. ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಹೆಡ್ ಸೊಟ್ಟಾಗಿದೆಯಾ ಅಂತ ನಿಮ್ಮ ಎದುರೇ ನೋಡಿಸಿ. ಹಲವು ಸಣ್ಣ ಎಂಜಿನ್ನುಗಳಿಗೆ ಮಿತಿ 0.05 ಮಿಲಿಮೀಟರ್. ಜಾಸ್ತಿ ಇದ್ದರೆ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಬೇಕು. ಹೆಡ್ ಬೋಲ್ಟ್ ಹೊಸದೇ ಹಾಕಬೇಕೆಂದು ಮ್ಯಾನುಯಲ್ ಹೇಳಿದ್ದರೆ ಹೊಸದೇ ಹಾಕಿಸಿ.

ಇನ್ನು ಪಿಕಪ್ಪಿನ ಸರದಿ

ಮೊದಲು ಬ್ರೇಕ್ ನೋಡಿ, ಏಕೆಂದರೆ ಇದನ್ನು ಯಾರೂ ನೋಡುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವುಗಳಿಗಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಹಿಡಿದುಕೊಂಡಿದೆ. ಹಿಂದಿನ ಎರಡೂ ಕಾದಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಟ್ಟಿಲ್ಲ. ಎಂಜಿನ್ ದುಡಿದ ಶಕ್ತಿಯೆಲ್ಲ ಬ್ರೇಕಿನಲ್ಲಿ ಸುಡುತ್ತಿದ್ದರೆ ಹೀಟೂ ಆಗುತ್ತದೆ, ಪಿಕಪ್ಪೂ ಇರುವುದಿಲ್ಲ ಅಲ್ವಾ?

ಕ್ಲಚ್ ನೋಡಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಆರ್‌ಪಿಎಂ ಧಿಗ್ಗನೆ ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆರ್‌ಪಿಎಂ ಕೂಡ ನಿಧಾನಕ್ಕೆ ಏರಿದರೆ ಕ್ಲಚ್ ಸರಿ ಇದೆ, ಎಂಜಿನ್ನೇ ಸೊರಗಿದೆ.

ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಮ್ಯಾನುಯಲ್ಲಿನಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಧೂಳಿಲ್ಲದ ರಸ್ತೆಗೆ ಸರಿ. ಹೊಲದ ದಾರಿ, ಕಲ್ಲು ಕ್ವಾರಿ, ಸಿಮೆಂಟ್ ಫ್ಯಾಕ್ಟರಿ ಕಡೆ ಓಡಾಡುವವರು 5000 ಕಿಲೋಮೀಟರಿಗೊಮ್ಮೆ ನೋಡಬೇಕು. ಡೀಸೆಲ್ ಗಾಡಿಯಲ್ಲಿ ಡೀಸೆಲ್ ಫಿಲ್ಟರ್ ಮತ್ತು ಅದರ ತಳದ ನೀರು ಇಳಿಸುವ ಸ್ಕ್ರೂ ನೋಡಿ. ಟರ್ಬೋ ಇದ್ದರೆ ಟರ್ಬೋದಿಂದ ಇಂಟರ್‌ಕೂಲರ್ ತನಕ ಹೋಗುವ ರಬ್ಬರ್ ಹೋಸಿನ ಮೇಲೆ ಕೈಯಾಡಿಸಿ. ಸೀಳಿದ್ದರೆ ಅಲ್ಲಿ ಆಯಿಲ್ ಜಿಡ್ಡು ಇರುತ್ತದೆ. ತುಳಿದಾಗ ಬುಸ್ ಅನ್ನುವ ಸದ್ದು, ಹಿಂದೆ ಕಪ್ಪು ಹೊಗೆ. ಪೆಟ್ರೋಲಿನಲ್ಲಿ ಸ್ಪಾರ್ಕ್ ಪ್ಲಗ್, ಇಗ್ನಿಶನ್ ಕಾಯಿಲ್ ನೋಡಿ. ಎಂಜಿನ್ ಲೈಟ್ ಮಿನುಗುತ್ತ ಗಾಡಿ ಕುಲುಕಿದರೆ ಮಿಸ್‌ಫೈರ್, ಓಡಿಸುತ್ತ ಹೋದರೆ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ.

ಕನ್ವರ್ಟರ್ ಕಟ್ಟಿಕೊಂಡರೆ ಹೀಟ್ ಮತ್ತು ಪಿಕಪ್ ಎರಡೂ ಒಟ್ಟಿಗೇ ಕೆಡುತ್ತವೆ. ಬಿಸಿ ಹೊಗೆ ಹೊರಗೆ ಹೋಗದೆ ಎಂಜಿನ್ನಿನಲ್ಲೇ ಉಳಿಯುತ್ತದೆ. 60ರವರೆಗೆ ಪರವಾಗಿಲ್ಲ, ಆಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಆಗುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಚ್ಚಿ, 2500 ಆರ್‌ಪಿಎಂನಲ್ಲಿ ನೋಡಿಸಿ. 3 ಪಿಎಸ್‌ಐ ದಾಟಬಾರದು. ತಣ್ಣಗಿದ್ದಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಒಳಗೆ ಚೂರುಗಳು ಗಲಗಲ ಅಂದರೆ ಜೇನುಗೂಡಿನಂಥ ಒಳಭಾಗ ಒಡೆದಿದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇದೆ. ಬರೀ ಊರೊಳಗೇ ಸುತ್ತಾಡಿದರೆ ಅದು ಸುಟ್ಟು ಸ್ವಚ್ಛವಾಗಲು ಅವಕಾಶ ಸಿಗದೆ ಕಟ್ಟಿ, ಗಾಡಿ ಲಿಂಪ್ ಮೋಡಿಗೆ ಹೋಗುತ್ತದೆ. ಡಿಪಿಎಫ್ ದೀಪ ಹತ್ತಿದರೆ ಮ್ಯಾನುಯಲ್ ಹೇಳಿದ ವೇಗದಲ್ಲಿ 15-20 ನಿಮಿಷ ಹೈವೇಗೆ ಒಯ್ಯಿರಿ. ಆ ಹೊತ್ತಿನಲ್ಲಿ ನಿಲ್ಲಿಸಿದರೆ ಫ್ಯಾನ್ ಜೋರಾಗಿ ತಿರುಗುವುದು, ಕಾದ ವಾಸನೆ ಬರುವುದು ಸಹಜ. ಅದನ್ನು ಹೀಟಿಂಗ್ ಅಂತ ತಿಳಿಯಬೇಡಿ.

ಸ್ಕ್ಯಾನರ್ ಹಚ್ಚಿದಾಗ

ಸ್ಟೀರಿಂಗ್ ಕೆಳಗಿನ, ದೋಷ ಓದಲು ಇರುವ ಒಬಿಡಿ ಸಾಕೆಟ್ಟಿಗೆ ಹಚ್ಚುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಈಗ ಎಲ್ಲ ಕಡೆ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು. ಇದರ ದೊಡ್ಡ ಉಪಯೋಗ ನಿಜವಾದ ಡಿಗ್ರಿ ತೋರಿಸುವುದು. ಬಹಳ ಕಾರುಗಳ ಮುಳ್ಳು 75ರಿಂದ 105 ಡಿಗ್ರಿಯವರೆಗೆ ನಡುವಿನಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಮುಳ್ಳು ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ನೀಲಿ ದೀಪ, ಕೆಂಪು ದೀಪ ಅಷ್ಟೇ. ಹೈವೇನಲ್ಲಿ 85ರಿಂದ 100ರ ನಡುವೆ ಇದ್ದರೆ ನಿಶ್ಚಿಂತೆ. 110 ದಾಟುತ್ತಿದ್ದರೆ ನಿಲ್ಲಿಸಿ.

ಕೋಡುಗಳಲ್ಲಿ ಪಿ0217 ಅತಿ ಬಿಸಿ, ಪಿ0128 ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಪಿ0480 ಫ್ಯಾನಿನ ವೈರಿಂಗ್, ಪಿ0117 ಮತ್ತು ಪಿ0118 ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟ್. ಪಿಕಪ್ ಕಡೆ ಪಿ0299 ಟರ್ಬೋ ಒತ್ತಡ ಕಡಿಮೆ, ಪಿ0087 ಇಂಧನದ ಒತ್ತಡ ಕಡಿಮೆ, ಪಿ0300 ಮಿಸ್‌ಫೈರ್, ಪಿ0420 ಕನ್ವರ್ಟರ್. ಕೋಡ್ ಬಂದ ತಕ್ಷಣ ಆ ಪಾರ್ಟ್ ಬದಲಿಸಲು ಓಡಬೇಡಿ. ಪಿ0299 ಬಂದಾಗ ಟರ್ಬೋ ಚೆನ್ನಾಗಿದ್ದು, ಸೀಳಿದ ಹೋಸ್ ಒಂದೇ ಕಾರಣವಾಗಿರುವುದು ಉಂಟು. ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಮತ್ತೆ ಕೂಲಂಟ್ ತುಂಬುವಾಗ

ರಿಪೇರಿ ಆದ ಮೇಲೂ ಹೀಟ್ ಹೋಗದಿರಲು ಮುಖ್ಯ ಕಾರಣ ಒಳಗೆ ಉಳಿದ ಗಾಳಿ. ಗಾಡಿಯ ಮುಖ ಸ್ವಲ್ಪ ಏರಿನ ಕಡೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಕ್ಯಾಪ್ ಬಿಚ್ಚಿ ನಿಧಾನಕ್ಕೆ ಕೂಲಂಟ್ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದಾಗ ಬಿಗಿ ಮಾಡಿ. ಸ್ಟಾರ್ಟ್ ಮಾಡಿ, ಮಟ್ಟ ಇಳಿದ ಹಾಗೆ ತುಂಬುತ್ತ, ಉಕ್ಕಲು ಶುರುವಾಗುವ ಮುಂಚೆ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಬಿಡಿ. ಹೀಟರಿನಿಂದ ಬಿಸಿ ಗಾಳಿ ಬರುತ್ತಿರಬೇಕು.

ಆಮೇಲೆ ಯಾವ ಸಂದರ್ಭದಲ್ಲಿ ಹೀಟ್ ಆಗುತ್ತಿತ್ತೋ ಅದೇ ಸಂದರ್ಭದಲ್ಲಿ ಓಡಿಸಿ ನೋಡಿ. ಟ್ರಾಫಿಕ್ಕಿನಲ್ಲಿ ಹೀಟ್ ಆಗುತ್ತಿದ್ದ ಗಾಡಿಯನ್ನು ಹೈವೇಗೆ ಒಯ್ದು ಸರಿಯಾಯಿತು ಅಂದರೆ ಉಪಯೋಗವಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ, ಎಸಿ ಹಾಕಿ, ಸ್ಕ್ಯಾನರ್ ಹಚ್ಚಿಕೊಂಡೇ ಹೋಗಿ. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ. ಮೊದಲ ಸಲ ಒಂದಷ್ಟು ಇಳಿದಿರುವುದು ಸಹಜ, ಉಳಿದ ಗಾಳಿ ಹೊರಗೆ ಹೋಗಿರುತ್ತದೆ. ತುಂಬಿಸಿ, ಡಬ್ಬಿ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಮುಂದಿನ ವಾರದಲ್ಲಿ ಆ ಗೆರೆಯಿಂದ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ, ಪ್ರೆಶರ್ ಟೆಸ್ಟಿಗೆ ವಾಪಸ್ ಒಯ್ಯಿರಿ.